ಮನೆ ಬದಲಾಯಿಸುವಾಗ ಬ್ರಾಡ್‌ಬ್ಯಾಂಡ್ ಒಪ್ಪಂದ

ಮಕ್ಕಳ ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಯಿತೆಂದರೆ ನಮ್ಮ ಊರುಗಳಲ್ಲಿ ಮನೆ ಬದಲಾಯಿಸುವ ಕಾಲ ಬಂದಿತೆಂದೇ ಅರ್ಥ. ನೌಕರರ ವರ್ಗಾವಣೆಯ ಆದೇಶಗಳು ಬರುವುದೂ ಆಗಲೇ, ಆಷಾಢಕ್ಕೆ ಮೊದಲು ಗೃಹಪ್ರವೇಶ ಮುಗಿಸಬೇಕೆಂಬ ಆತುರವೂ ಆಗಲೇ. ಬೇರೆ ಊರಿಗೆ ಹೊರಟ ಕುಟುಂಬದವರು ಮಕ್ಕಳ ಟಿ.ಸಿ. ತರುವುದನ್ನಾಗಲಿ, ಅಡುಗೆ ಅನಿಲದ ಸಿಲಿಂಡರು ಮತ್ತು ರೆಗ್ಯುಲೇಟರನ್ನು ಒಪ್ಪಿಸಿ ಟರ್ಮಿನೇಷನ್ ವೋಚರು ಪಡೆಯುವುದನ್ನಾಗಲಿ ಮರೆಯುವುದಿಲ್ಲ. ಆದರೆ ಬ್ರಾಡ್‌ಬ್ಯಾಂಡ್ ಸಂಪರ್ಕದ ಮಾತು ಬಂದಾಗ, ಗೋಡೆಯ ಮೇಲಿನ ಮೋಡೆಮ್ ಬಿಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಕೆಲಸ ಮುಗಿಯಿತೆಂದು ಬಹಳ ಮಂದಿ ಭಾವಿಸುತ್ತಾರೆ.

ಸಂಪರ್ಕವಿರುವುದು ಆ ಪೆಟ್ಟಿಗೆಯಲ್ಲಿ ಅಲ್ಲ. ಅದು ಒಂದು ಹೆಸರಿಗೆ, ಒಂದು ವಿಳಾಸಕ್ಕೆ ಕಟ್ಟಿಹಾಕಿದ ಒಪ್ಪಂದ. ಮನೆ ಖಾಲಿ ಮಾಡಿದ ಮಾತ್ರಕ್ಕೆ ಒಪ್ಪಂದ ಮುಗಿಯುವುದಿಲ್ಲ, ಹೊಸ ಮನೆಗೆ ಅದು ತಾನಾಗಿ ಹಿಂಬಾಲಿಸಿ ಬರುವುದೂ ಇಲ್ಲ. ತಿಂಗಳ ಕೊನೆಗೆ ಹಣ ಕಟ್ಟುವ ಪದ್ಧತಿಯಾದರೆ ಬೀಗ ಹಾಕಿದ ಮನೆಯ ಹೆಸರಿನಲ್ಲಿಯೂ ಬಿಲ್ಲು ಬೆಳೆಯುತ್ತಲೇ ಇರುತ್ತದೆ. ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ಚಾಲ್ತಿಯಲ್ಲಿರುವ ಸಂಪರ್ಕವನ್ನು ಅಲ್ಲಿಯೇ ಬಿಟ್ಟುಬಂದು, ಮುಂದಿನ ಬಾಡಿಗೆದಾರರು ಅದನ್ನು ಬಳಸುತ್ತಿದ್ದರೆ, ಅಲ್ಲಿ ನಡೆಯುವ ವಂಚನೆ ಮೊದಲಾದ ಕೃತ್ಯಗಳ ಜಾಡು ಹಿಡಿದ ಪೊಲೀಸರು ಮೊದಲು ಬರುವುದು ಒಪ್ಪಂದದಲ್ಲಿ ಹೆಸರಿರುವವರ ಬಳಿಗೇ. ಸ್ನೇಹಕ್ಕಾಗಿ ಬಿಟ್ಟುಕೊಡುವ ವಸ್ತು ಇದಲ್ಲ.

ಆದುದರಿಂದ ಹೊಸ ಮನೆಗೆ ಮುಂಗಡ ಕೊಡುವ ಮೊದಲೇ ವಿಚಾರಿಸಬೇಕಾದ ಸಂಗತಿ ಒಂದಿದೆ: ನಮ್ಮ ಕಂಪನಿಯ ಫೈಬರ್ ಆ ಬೀದಿಗೆ ಬಂದಿದೆಯೇ? ಕೂದಲೆಳೆಯಂತಹ ಗಾಜಿನ ತಂತು ಕೇಂದ್ರದಿಂದ ಹೊರಟು, ದಾರಿಯ ಪೆಟ್ಟಿಗೆಗಳಲ್ಲಿ ಕವಲೊಡೆಯುತ್ತದೆ. ಒಂದು ತಂತು ಸಾಮಾನ್ಯವಾಗಿ 32 ಅಥವಾ 64 ಮನೆಗಳಿಗೆ ಹಂಚಿಕೆಯಾಗುತ್ತದೆ. ಬೀದಿಯಲ್ಲಿ ಫೈಬರ್ ಇದ್ದರೂ ಹತ್ತಿರದ ಪೆಟ್ಟಿಗೆಯಲ್ಲಿ ಕವಲು ಖಾಲಿ ಇರದಿದ್ದರೆ ಕಾಯಬೇಕಾಗುತ್ತದೆ. "ಸೇವೆ ಇದೆ" ಎಂಬ ದೂರವಾಣಿಯ ಮಾತನ್ನು ನಂಬುವುದಕ್ಕಿಂತ ಪಕ್ಕದ ಮನೆಯವರನ್ನು ಕೇಳುವುದು ಮೇಲು. ಬಹುಮಹಡಿ ಕಟ್ಟಡಗಳಲ್ಲಿ ಒಂದೆರಡು ಕಂಪನಿಗಳ ತಂತಿಗೆ ಮಾತ್ರ ಅವಕಾಶವಿರುವುದುಂಟು. ಅಲ್ಲಿಯ ಸಂಘದವರನ್ನೂ, ಗೋಡೆಗೆ ರಂಧ್ರ ಕೊರೆಯಲು ಮನೆಯ ಮಾಲೀಕರನ್ನೂ ಮುಂಚಿತವಾಗಿ ಕೇಳಿಕೊಳ್ಳಬೇಕು.

ಸ್ಥಿರ ದೂರವಾಣಿಯನ್ನು ಇನ್ನೂ ಉಳಿಸಿಕೊಂಡಿರುವ ಮನೆತನಗಳಿಗೆ ಸಂಖ್ಯೆಯ ಚಿಂತೆಯೂ ಉಂಟು. ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡು ಕಂಪನಿ ಬದಲಾಯಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶಕ್ಕೆಲ್ಲ ಬಂದಿತು. 2015ರ ಜುಲೈಯಿಂದ ರಾಜ್ಯ ದಾಟಿದರೂ ಸಂಖ್ಯೆ ಉಳಿಯುವಂತಾಯಿತು. ಸ್ಥಿರ ದೂರವಾಣಿಗೆ ಆ ಭಾಗ್ಯವಿಲ್ಲ. ಅದರ ಸಂಖ್ಯೆ ಊರಿಗೆ ಸೇರಿದ್ದು. ಗದಗಿನ 08372ರ ಸಂಖ್ಯೆ ಹುಬ್ಬಳ್ಳಿ-ಧಾರವಾಡದ 0836ಕ್ಕೆ ಬರಲಾರದು. ದಾವಣಗೆರೆಯ 08192, ಬೆಂಗಳೂರಿನ 080 ಆಗದು. ಮದುವೆಯ ಕರೆಯೋಲೆಗಳಲ್ಲಿ ಅಚ್ಚಾಗಿ ನೆಂಟರಿಗೆಲ್ಲ ಬಾಯಿಪಾಠವಾದ ಸಂಖ್ಯೆಯನ್ನು ಬಿಡುವಾಗ ಹಿರಿಯರಿಗೆ ಆಗುವ ನೋವು ಸಣ್ಣದಲ್ಲ. ಊರು ಬಿಡುವುದು ಖಚಿತವಾದೊಡನೆ ಹೊಸ ಸಂಖ್ಯೆಯನ್ನು ಬಂಧುಗಳಿಗೆ ತಿಳಿಸಲಾರಂಭಿಸುವುದೊಂದೇ ದಾರಿ.

ಹಣದ ವಿಷಯಕ್ಕೆ ಬರೋಣ. ಆರು ತಿಂಗಳ ಅಥವಾ ವರ್ಷದ ಶುಲ್ಕವನ್ನು ಮುಂಗಡವಾಗಿ ಕಟ್ಟಿದವರು, ಉಳಿದ ತಿಂಗಳುಗಳು ಹೊಸ ವಿಳಾಸಕ್ಕೆ ಸಲ್ಲುತ್ತವೆಯೇ, ನಡುವೆ ಸೇವೆಯಿಲ್ಲದ ದಿನಗಳನ್ನು ಸೇರಿಸಿ ಕೊಡುವರೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಮೋಡೆಮ್ ಉಚಿತವೆಂದು ಕೊಟ್ಟಿದ್ದರೂ ಬಹುಮಟ್ಟಿಗೆ ಅದು ಕಂಪನಿಯ ಸ್ವತ್ತೇ. ಹಿಂದಿರುಗಿಸುವಾಗ ಅದರ ಕ್ರಮಸಂಖ್ಯೆ ಬರೆದ ರಸೀದಿ ಇಲ್ಲದಿದ್ದರೆ ಠೇವಣಿಯಲ್ಲಿ ಅದರ ಬೆಲೆ ಮುರಿದುಕೊಂಡಾರು. ಹೊಸ ಮನೆ ಸಿದ್ಧವಾಗಲು ಒಂದೆರಡು ತಿಂಗಳು ಹಿಡಿಯುವುದಾದರೆ ಸಂಪರ್ಕವನ್ನು ತಾತ್ಕಾಲಿಕವಾಗಿ ನಿಲ್ಲಿಸಿಡಬಹುದೇ ಎಂದು ಕೇಳಿರಿ. ದೂರವಾಣಿ ಇಲಾಖೆಯ ಕಾಲದಿಂದ "ಸೇಫ್ ಕಸ್ಟಡಿ" ಎಂದು ಕರೆಯುತ್ತಿದ್ದುದು ಇದನ್ನೇ. ಬ್ಯಾಂಕಿನ ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ ಮಾಡಿದ್ದವರು, ಸಂಪರ್ಕ ರದ್ದಾದ ಮೇಲೆ ಅದನ್ನು ಬ್ಯಾಂಕಿನಲ್ಲಿಯೂ ನಿಲ್ಲಿಸತಕ್ಕದ್ದು.

ಇವೆಲ್ಲಕ್ಕಿಂತ ಹೆಚ್ಚು ತೊಡಕಾಗುವುದು ಹೆಸರಿನ ಪ್ರಶ್ನೆ. ನಮ್ಮ ಮನೆಗಳಲ್ಲಿ ವಿದ್ಯುತ್ತು, ನಳ, ದೂರವಾಣಿ ಎಲ್ಲವೂ ಯಜಮಾನರ ಹೆಸರಿನಲ್ಲಿರುವುದು ರೂಢಿ. ಅವರು ಲಿಂಗೈಕ್ಯರಾದ ಬಳಿಕ ಹೊಲ-ಮನೆಯ ಖಾತೆ ಬದಲಾವಣೆಗೆ ಓಡಾಡುವ ಮಕ್ಕಳು ತಿಂಗಳ ಕೆಲವು ನೂರು ರೂಪಾಯಿಯ ಈ ಒಪ್ಪಂದವನ್ನು ಹಾಗೆಯೇ ಬಿಟ್ಟಿರುತ್ತಾರೆ. ಬಿಲ್ಲು ಕಟ್ಟುತ್ತಿರುವವರೆಗೆ ಯಾರೂ ಕೇಳುವುದಿಲ್ಲ. ನಾವು ಬಲ್ಲ ಒಂದು ಕುಟುಂಬದಲ್ಲಿ ತಾಯಿಯವರು ಹಳ್ಳಿಯ ಮನೆ ಬಿಟ್ಟು ಪಟ್ಟಣದಲ್ಲಿ ಮಗಳ ಮನೆಯ ಹತ್ತಿರ ಬಂದು ನೆಲೆಸಲು ಹೊರಟಾಗ ಈ ಗಂಟು ಬಿಗಿಯಿತು. ವರ್ಗಾವಣೆಗೆ ಅರ್ಜಿ ಹಾಕಿದರೆ, ಒಪ್ಪಿಗೆಯ ಗುಪ್ತಸಂಖ್ಯೆಯಾದ ಓ.ಟಿ.ಪಿ. ಹೋಗುವುದು ತೀರಿಕೊಂಡ ಯಜಮಾನರ ಮೊಬೈಲಿಗೆ! ಆ ಸಿಮ್ ರದ್ದಾಗಿ ಬಹಳ ದಿನಗಳಾಗಿದ್ದವು. ಪರದೇಶದಲ್ಲಿರುವ ಮಗನ ಮುಖವನ್ನು ಪ್ರತಿ ಭಾನುವಾರ ಟ್ಯಾಬಿನಲ್ಲಿ ಕಾಣುತ್ತಿದ್ದ ಆ ತಾಯಿ, ಕಾಗದಪತ್ರ ಸರಿಹೋಗುವವರೆಗೆ ಹಲವು ಭಾನುವಾರಗಳನ್ನು ಬರಿದೆ ಕಳೆಯಬೇಕಾಯಿತು. ಮಗಳು ತನ್ನ ಮೊಬೈಲಿನಿಂದ ಮಾತನಾಡಿಸುತ್ತಿದ್ದರೂ, "ನನ್ನ ಮನೆಯಲ್ಲಿ ಕುಳಿತು ಮಾತನಾಡಿದಂತೆ ಆಗುವುದಿಲ್ಲವ್ವಾ" ಎನ್ನುತ್ತಿದ್ದರಂತೆ.

ಇದನ್ನು ತಪ್ಪಿಸಬಹುದು. ತೀರಿಕೊಂಡವರ ಸಿಮ್ಮನ್ನು ಒಪ್ಪಿಸುವ ಮೊದಲು ಅದಕ್ಕೆ ಜೋಡಣೆಯಾಗಿರುವ ಖಾತೆಗಳೆಲ್ಲವನ್ನೂ ಪಟ್ಟಿ ಮಾಡಬೇಕು. ತಿಂಗಳುಗಟ್ಟಲೆ ಬಳಸದೆ ಬಿಟ್ಟ ಸಂಖ್ಯೆ ಕಡೆಗೆ ಅಪರಿಚಿತರ ಪಾಲಾಗುತ್ತದೆ. ಹೆಸರು ಬದಲಾವಣೆಗೆ ಸಾಮಾನ್ಯವಾಗಿ ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಹೊಸ ಹೆಸರಿನವರ ಗುರುತಿನ ಚೀಟಿ ಕೇಳುತ್ತಾರೆ. ಹೆಸರು ಬದಲಾದ ಮೇಲೆಯೇ ವಿಳಾಸಕ್ಕೆ ಕೈಹಾಕುವುದು ಕ್ಷೇಮ. ಎರಡನ್ನೂ ಒಂದೇ ಅರ್ಜಿಯಲ್ಲಿ ಹಾಕಿದರೆ ಕಾಗದಗಳು ಮೇಜಿನಿಂದ ಮೇಜಿಗೆ ತಿರುಗುವ ಸಂಭವವಿದೆ. ಹೊಸ ಒಪ್ಪಂದವನ್ನು ತಾಯಿಯವರ ಹೆಸರಿನಲ್ಲಿಯೇ, ಅವರ ಕೈಯಲ್ಲಿರುವ ಮೊಬೈಲ್ ಸಂಖ್ಯೆಯೊಡನೆ ಮಾಡಿಸಬೇಕೆಂಬುದು ನಮ್ಮ ಅಭಿಪ್ರಾಯ.

ಅರ್ಜಿ ಕೊಟ್ಟೂ ಕೆಲಸವಾಗದಿದ್ದರೆ? 2012ರ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಕಂಪನಿ ಒಂದು ಡಾಕೆಟ್ ಸಂಖ್ಯೆ ಕೊಡಬೇಕು; ಪರಿಹಾರ ತೃಪ್ತಿಕರವಾಗದಿದ್ದಲ್ಲಿ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಶುಲ್ಕವಿಲ್ಲದೆ ಹೋಗಬಹುದು. ಗ್ರಾಹಕ ನ್ಯಾಯಾಲಯದ ಬಾಗಿಲು ಕೆಲಕಾಲ ಮುಚ್ಚಿದಂತಿತ್ತು. 1885ರ ತಂತಿ ಕಾಯಿದೆಯನ್ನು ಆಧರಿಸಿ 2009ರಲ್ಲಿ ಸುಪ್ರೀಂ ಕೋರ್ಟು ದೂರವಾಣಿ ಬಿಲ್ಲಿನ ವಿವಾದಗಳು ಅಲ್ಲಿಗೆ ಬರುವುದಿಲ್ಲವೆಂದಿತ್ತು. 2022ರಲ್ಲಿ ಅದೇ ನ್ಯಾಯಾಲಯ, ದೂರಸಂಪರ್ಕದ ದೂರನ್ನು ಗ್ರಾಹಕ ವೇದಿಕೆಗಳು ವಿಚಾರಿಸಬಹುದೆಂದು ತೀರ್ಪಿತ್ತಿತು. ಮನೆ ಬದಲಾಯಿಸಿದವರಿಗೆ ಇನ್ನೊಂದು ಅನುಕೂಲವಿದೆ: 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು, ಹಳೆಯ ಊರಿಗೆ ಓಡಾಡಬೇಕಿಲ್ಲ. ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಅರ್ಜಿ ಶುಲ್ಕವೂ ಇಲ್ಲ. ಅಷ್ಟು ದೂರ ಹೋಗುವ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಂದರೆ 1915ಕ್ಕೆ, ಕರೆ ಮಾಡಿ ನೋಡಬಹುದು.

ಇನ್ನು ಸಾಮಾನು ಸಾಗಿಸುವ ದಿನದ ಮಾತು. ಫೈಬರ್ ತಂತಿಯನ್ನು ಕತ್ತರಿಸುವುದಾಗಲಿ ಮಡಚುವುದಾಗಲಿ ಸಲ್ಲದು, ಒಳಗಿರುವುದು ಗಾಜು. ಮೋಡೆಮ್ಮಿನ ತುದಿಗೆ ಧೂಳು ಹೋಗದಂತೆ ಮುಚ್ಚಳವಿಟ್ಟು, ಅದರ ಅಡಾಪ್ಟರಿನೊಡನೆಯೇ ಒಂದು ಚೀಲದಲ್ಲಿ ಕಟ್ಟಿಡಿ. ಹೊಸ ಮನೆಯಲ್ಲಿ ಬೇರೆ ಮೋಡೆಮ್ ಕೂಡಿಸಿದರೆ, ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ವ್ಯತ್ಯಾಸವಿಲ್ಲದೆ ಅದಕ್ಕೇ ಹಾಕಿಕೊಡುವಂತೆ ಕೆಲಸಗಾರರಿಗೆ ಹೇಳಿರಿ. ಹಾಗೆ ಮಾಡಿದಲ್ಲಿ ಅಜ್ಜ-ಅಜ್ಜಿಯರ ಮೊಬೈಲುಗಳೂ ಟಿ.ವಿ.ಯೂ ಯಾರನ್ನೂ ಕೇಳದೆ ತಾವಾಗಿಯೇ ಸೇರಿಕೊಳ್ಳುತ್ತವೆ.