ಅಸಲಿ ಪಾತರಗಿತ್ತಿ, ನಕಲಿ ಪಾತರಗಿತ್ತಿ

ಉನ್ನತ ಪರ್ವತಗಳ ಪಾತರಗಿತ್ತಿಗಳನ್ನು ಗುರುತಿಸುವ ಕಾರ್ಯವು ಎಷ್ಟು ಕ್ಲೇಶಕರವೆಂಬುದು ಯುರೋಪಿನ ಆಲ್ಪ್ಸ್ ಶ್ರೇಣಿಯ ಎರೀಬಿಯಾ ಕುಲವನ್ನು ಅಭ್ಯಸಿಸಿದವರಿಗೆ ವೇದ್ಯವಾದುದು. ಕಂದುಗಪ್ಪು ರೆಕ್ಕೆ, ಅಂಚಿನಲ್ಲಿ ಕಿತ್ತಳೆಯ ಪಟ್ಟಿ, ಪಟ್ಟಿಯೊಳಗೆ ಕಣ್ಬೊಟ್ಟು. ಹತ್ತಾರು ಪ್ರಭೇದಗಳಿಗೆ ಇದೊಂದೇ ವೇಷವಾದುದರಿಂದ, ಕೆಲವನ್ನು ಸೂಕ್ಷ್ಮದರ್ಶಕದಡಿಯಲ್ಲಿ ಅಂಗಪರೀಕ್ಷೆ ಮಾಡಿಯೇ ಬೇರ್ಪಡಿಸಬೇಕಾಗುತ್ತದೆ. ಅಲ್ಲಿಯ ಸಾದೃಶ್ಯಕ್ಕೆ ಕಾರಣ ವಂಶವೊಂದೇ ಆಗಿರುವುದು, ಮತ್ತು ಶೀತಪ್ರದೇಶದಲ್ಲಿ ಬಿಸಿಲನ್ನು ಬೇಗನೆ ಹೀರುವ ಕಪ್ಪು ವರ್ಣದ ಉಪಯುಕ್ತತೆ.

ಗದಗಿನ ಬಿಂಕದಕಟ್ಟಿಯ ಸಮೀಪದಿಂದ ಶಿರಹಟ್ಟಿ, ಮುಂಡರಗಿ ಸೀಮೆಗಳಲ್ಲಿ ಹಾಯ್ದು ತುಂಗಭದ್ರೆಯತ್ತ ಸಾಗುವ ನಮ್ಮ ಕಪ್ಪತಗುಡ್ಡಕ್ಕೆ ಹಿಮದ ಸಂಬಂಧವಿಲ್ಲ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಈ ಕುರುಚಲುಗಾಡಿನಲ್ಲಿಯೂ ಒಂದನ್ನೊಂದು ಹೋಲುವ ಪಾತರಗಿತ್ತಿಗಳುಂಟು. ಆದರೆ ಇಲ್ಲಿಯದು ಬಹುಮಟ್ಟಿಗೆ ವಂಚನೆಯ ಸಾದೃಶ್ಯ.

ಲಕ್ಷ್ಮೇಶ್ವರದ ಎರೆಹೊಲಗಳ ಬದುವಿನಲ್ಲಿ ಎಕ್ಕೆಯ ಗಿಡವಿದ್ದಲ್ಲೆಲ್ಲ ಹಾರಾಡುವ ಪ್ಲೇನ್ ಟೈಗರ್ ಎಂಬ ಕಿತ್ತಳೆಬಣ್ಣದ ಪಾತರಗಿತ್ತಿಯನ್ನು ನೋಡದವರಿಲ್ಲ. ಮುಂರೆಕ್ಕೆಯ ತುದಿ ಕಪ್ಪು, ಅದರಲ್ಲಿ ಅಡ್ಡಲಾಗಿ ಬಿಳಿಯ ಪಟ್ಟಿ. ಎಕ್ಕೆಯ ಹಾಲಿನೊಳಗಿನ ಕಹಿವಿಷವನ್ನು ಕಂಬಳಿಹುಳುವಾಗಿರುವಾಗಲೇ ಉಂಡು ಬೆಳೆಯುವ ಈ ಜೀವಿ, ಪ್ರೌಢಾವಸ್ಥೆಯಲ್ಲಿ ಹಕ್ಕಿಗೆ ಅರುಚಿಯ ಆಹಾರವಾಗುವುದರಿಂದ, ಆತುರವಿಲ್ಲದೆ ತೇಲಿದಂತೆ ಹಾರುತ್ತದೆ. ಇದೇ ಬಣ್ಣ, ಇದೇ ಬಿಳಿಪಟ್ಟಿ, ಇದೇ ಮಂದಗತಿಯನ್ನು ಧರಿಸಿ ಬರುವ ಇನ್ನೊಂದಿದೆ: ಡ್ಯಾನೈಡ್ ಎಗ್‌ಫ್ಲೈ. ಇದು ಬೇರೆಯೇ ಉಪಕುಟುಂಬದ್ದು, ಇದರ ಹುಳು ಎಕ್ಕೆಯನ್ನು ಮುಟ್ಟದು, ನಾವು ಪಲ್ಯ ಮಾಡುವ ಗೋಣಿಸೊಪ್ಪನ್ನು ತಿನ್ನುತ್ತದೆ, ವಿಷದ ಹಂಗಿಲ್ಲ. ವೇಷ ಹಾಕುವುದೂ ಹೆಣ್ಣು ಮಾತ್ರ. ಗಂಡು ಕಪ್ಪು ಮಖಮಲ್ಲಿನ ಮೇಲೆ ನೇರಿಳೆಯ ಪ್ರಭೆಯುಳ್ಳ ಬಿಳಿಯ ಮಚ್ಚೆಗಳನ್ನಿಟ್ಟುಕೊಂಡು, ತನ್ನ ಹೆಂಡತಿಗೂ ತನಗೂ ನಂಟೇ ಇಲ್ಲವೆಂಬಂತೆ ತಿರುಗುತ್ತದೆ. ಕಹಿಯಾದುದರ ರೂಪವನ್ನು ರುಚಿಯಾದುದು ಧರಿಸಿ ಪಾರಾಗುವ ಈ ಉಪಾಯವನ್ನು, ಅಮೆಜಾನಿನ ಕಾಡುಗಳಲ್ಲಿ 11 ವರ್ಷ ಅಲೆದ ಹೆನ್ರಿ ಬೇಟ್ಸ್ 1862ರಲ್ಲಿ ವಿವರಿಸಿದನು.

ಹಾಗಾದರೆ ಬಣ್ಣವನ್ನು ನಂಬುವುದು ವ್ಯರ್ಥ, ಅನುಕರಣಗೊಂಡಿರುವುದೇ ಅದು. ಹಕ್ಕಿಯ ಅವಸರದ ಕಣ್ಣಿಗೆ ಬೀಳದೆ ಹೋದ, ಆದ್ದರಿಂದ ತಿದ್ದುಪಡಿಯಾಗದೆ ಉಳಿದ ಕ್ಷುದ್ರ ವಿವರಗಳಲ್ಲಿಯೇ ಸತ್ಯವಿರುತ್ತದೆ. ಸೀರೆಯ ಒಡಲಿಗೆ ಮರುಳಾಗದೆ ಅಂಚನ್ನು ತಿರುವಿ ನೋಡುವ ಬೆಟಗೇರಿಯ ನೇಕಾರರಂತೆ ನಾವೂ ಹಿಂರೆಕ್ಕೆಯನ್ನು ನೋಡಬೇಕು. ಅಸಲಿಯ ಹಿಂರೆಕ್ಕೆಯ ನಡುವೆ ಹೆಣ್ಣಾದರೆ ಮೂರು, ಗಂಡಾದರೆ ನಾಲ್ಕು ಕಪ್ಪು ಬೊಟ್ಟುಗಳಿರುತ್ತವೆ. ನಕಲಿಗೆ ಮುಂದಣ ಅಂಚಿನ ಬಳಿ ಒಂದೇ ಬೊಟ್ಟು, ಮೇಲಾಗಿ ರೆಕ್ಕೆಯಂಚು ಅಲೆಅಲೆಯಾಗಿರುತ್ತದೆ. ಗಂಡಿನ ಆ ನಾಲ್ಕನೆಯ ಬೊಟ್ಟು ಬರಿಯ ಅಲಂಕಾರವಲ್ಲ, ಗಂಧದ ಚೀಲ. ಗಿಲಗಿಚ್ಚಿಯಂಥ ಗಿಡಗಳ ಒಣಗಿದ ಭಾಗಗಳಿಂದ ಹೀರಿದ ಆಲ್ಕಲಾಯ್ಡ್ ದ್ರವ್ಯವನ್ನು ಪ್ರಣಯಗಂಧವಾಗಿ ಪರಿವರ್ತಿಸಿಕೊಳ್ಳುವ ಗಂಡು, ಉದರದ ತುದಿಯ ರೋಮಕುಂಚಗಳನ್ನು ಈ ಚೀಲಕ್ಕೆ ತಾಗಿಸಿ, ಬಳಿಕ ಹೆಣ್ಣಿನ ಸಮೀಪದಲ್ಲಿ ಅವನ್ನು ಬಿಡಿಸುತ್ತದೆ. ಅಸಲಿಯ ಈ ಗುಟ್ಟು ನಕಲಿಗೆ ನಿಲುಕದು.

ಮನೆಯ ಹಿತ್ತಿಲಿನ ಕರಿಬೇವಿಗೆ, ಲಿಂಬೆಗೆ ಮೊಟ್ಟೆಯಿಡಲು ಬರುವ ಕಾಮನ್ ಮಾರ್ಮನ್ ಹೆಣ್ಣಿನ ಚಾತುರ್ಯ ಇನ್ನೂ ಅಧಿಕ. ಅದಕ್ಕೆ ಮೂರು ರೂಪಗಳು: ಒಂದು ಗಂಡನ್ನೇ ಹೋಲುವುದು, ಇನ್ನೆರಡು ಈಶ್ವರಿ ಬಳ್ಳಿಯ ವಿಷವುಂಡು ಬೆಳೆದ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್‌ಗಳ ಅನುಕರಣಗಳು. ಇಲ್ಲಿ ರೆಕ್ಕೆಯನ್ನು ಬಿಟ್ಟು ಮೈಯನ್ನು ನೋಡಿದರೆ ಸಾಕು. ರೋಸ್‌ಗಳ ಮೈ ಕೆಂಪು, ಮಾರ್ಮನ್‌ದು ಕಪ್ಪು.

ಹುಲ್ಲುಗಾವಲಿನ ಸಣ್ಣ ಹಳದಿ ಚಿಟ್ಟೆಗಳ ವಿಷಯವೇ ಬೇರೆ. ಅವು ಯಾರನ್ನೂ ವಂಚಿಸುವುದಿಲ್ಲ, ನಿಕಟ ಬಂಧುಗಳಷ್ಟೆ. ಆದರೂ ಮಳೆಗಾಲದಲ್ಲೊಂದು, ಬೇಸಗೆಯಲ್ಲೊಂದು ವೇಷ ತೊಟ್ಟು ನಮ್ಮನ್ನು ಹೆಚ್ಚು ಪೀಡಿಸುತ್ತವೆ. ಮುಂರೆಕ್ಕೆಯ ಕೆಳಮೈಯಲ್ಲಿ ನರಗಳು ಸುತ್ತುವರಿದ ಕೋಶದೊಳಗೆ ಎರಡು ಗುರುತುಗಳಿದ್ದರೆ ಕಾಮನ್ ಗ್ರಾಸ್ ಯೆಲ್ಲೊ, ಮೂರಿದ್ದರೆ ಥ್ರೀ-ಸ್ಪಾಟ್ ಎಂಬುದು ಸ್ಥೂಲ ನಿಯಮ.

ಇಷ್ಟನ್ನು ಅರಿಯಲು ಬಲೆಯೂ ಬೇಡ, ಸೂಜಿಯೂ ಬೇಡ. ಬಿಸಿಲಿಗೆ ಕುಳಿತಾಗ ನೆರಳು ಬೀಳದಂತೆ ಸಮೀಪಿಸಿ ಎಣಿಸುವ ತಾಳ್ಮೆಯಿದ್ದರೆ ಸಾಕು. ಹಿಡಿದು ಪೆಟ್ಟಿಗೆಗೆ ಚುಚ್ಚಲು ಮನಸ್ಸಾದವರು ಮೊದಲು ಹಿಂರೆಕ್ಕೆಯ ಬೊಟ್ಟುಗಳನ್ನು ಎಣಿಸಲಿ: ಒಂದೇ ಬೊಟ್ಟಿನ ಡ್ಯಾನೈಡ್ ಎಗ್‌ಫ್ಲೈ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ ರಕ್ಷಣೆಗೆ ಒಳಪಟ್ಟ ಜೀವಿ.