ನಾಲ್ಕೇ ತೂತಿನ ಕಾರ್ಯಾಗಾರ

ಅಪ್ಪ ತೀರಿಕೊಂಡ ಮರುವರ್ಷ ರಾಣೆಬೆನ್ನೂರಿನ ಅಂಗಡಿ ಖಾಲಿ ಮಾಡಿದಾಗ ನನ್ನ ಪಾಲಿಗೆ ಬಂದದ್ದು ಒಂದು ಮರದ ಪೆಟ್ಟಿಗೆ. ಅದರೊಳಗೆ ಆರು ಉಳಿ, ಎರಡು ಗರಗಸ, ಸುತ್ತಿಗೆ, ಕೊಡತಿ, ಮೂಲೆಮಟ್ಟ, ಕೈಬೈರಿಗೆ, ನಾಲ್ಕಾರು ಅರ. ಜೊತೆಗೆ ಎರಡು ಕೀಸುಳಿ. ಕೀಸುಳಿ ಅನ್ನುವುದು ಪುಸ್ತಕದ ಮಾತು, ಅಪ್ಪನ ಬಾಯಲ್ಲಿ ಅದು ರಂದಾ. ಬಸ್ಸಿನ ಡಿಕ್ಕಿಯಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಪೆಟ್ಟಿಗೆ ಕೂಕಟ್‌ಪಲ್ಲಿಗೆ ಬಂತು. ಬಂದಮೇಲೆ ಇಡುವುದೆಲ್ಲಿ?

ನಮ್ಮದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಖಾಲಿ ಜಾಗ ಅಂತ ಇದ್ದದ್ದು ಅಡುಗೆಮನೆಯ ಹಿಂದಿನ ಯುಟಿಲಿಟಿ ಮಾತ್ರ. ನಾಲ್ಕು ಅಡಿ ಅಗಲ, ಏಳು ಅಡಿ ಉದ್ದ. ಅದರಲ್ಲೂ ಅರ್ಧ ವಾಷಿಂಗ್ ಮೆಷಿನ್ನಿನದು. ಪೆಟ್ಟಿಗೆಯನ್ನು ಅದರ ಪಕ್ಕ ತುರುಕಿದೆ. ಮಳೆಗಾಲ ಶುರುವಾದ ಮೇಲೆ ಒಂದು ದಿನ ತೆಗೆದು ನೋಡಿದರೆ ಉಳಿಗಳ ಮೇಲೆ ಕೆಂಪು ಹುಡಿ. ಅವ್ವನಿಗೆ ಫೋನಿನಲ್ಲಿ ಹೇಳಿದೆ. “ಪೆಟ್ಟಿಗ್ಯಾಗ ಇಟ್ರ ತುಕ್ಕು ಹಿಡೀತಾವಪಾ. ನಿಮ್ಮಪ್ಪ ಒಂದು ದಿನಾನೂ ಮುಚ್ಚಿ ಇಟ್ಟಾಂವಲ್ಲ, ಗ್ವಾಡಿಗೇ ಹಾಕತಿದ್ದ” ಅಂದಳು.

ಸರಿ, ಗೋಡೆಗೇ ಹಾಕೋಣ ಅಂದುಕೊಂಡೆ. ಆದರೆ ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವ ಹಾಗಿಲ್ಲ. ಅಡುಗೆಮನೆಯ ಚಾಕು ಅಂಟಿಸುವ ಆಯಸ್ಕಾಂತದ ಪಟ್ಟಿ ತಂದು, ಎರಡೂ ಕಡೆ ಅಂಟುವ ಟೇಪಿನಿಂದ ಗೋಡೆಗೆ ಒತ್ತಿದೆ. ನಾಲ್ಕು ಉಳಿ ಸಾಲಾಗಿ ಅಂಟಿಕೊಂಡವು. ನೋಡಲು ಬಲು ಚೆಂದ. ಮೂರನೇ ವಾರ, ಜಿಟಿಜಿಟಿ ಮಳೆಯ ಒಂದು ರಾತ್ರಿ, ಥೇವಕ್ಕೆ ಗೋಡೆಯ ಬಣ್ಣದ ಸಮೇತ ಟೇಪು ಕಿತ್ತು ಬಂತು. ಬೆಳಿಗ್ಗೆ ನೋಡಿದರೆ ಮುಕ್ಕಾಲು ಇಂಚಿನ ಉಳಿ ಮಗಳ ಚಪ್ಪಲಿಯೊಳಗೆ ನೆಟ್ಟಗೆ ನಿಂತಿತ್ತು. ಅವಳಿಗೆ ಆಗ ಆರು ವರ್ಷ. ಹೆಂಡತಿ ಕೂಗಾಡಲಿಲ್ಲ. ಚಪ್ಪಲಿಯನ್ನು ತಂದು ನನ್ನ ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. “ಒಂದೋ ಇವನ್ನ ಸರಿಯಾಗಿ ಇಡ್ರಿ, ಇಲ್ಲಾ ಯಾರಾದ್ರೂ ಬಡಿಗೇರಿಗೆ ಕೊಟ್ಬಿಡ್ರಿ” ಅಂದಳು. ತಪ್ಪು ನನ್ನದೇ. ಭಾರವನ್ನು ಬಣ್ಣದ ಮೇಲೆ ನಿಲ್ಲಿಸಿದ್ದೆ, ಗೋಡೆಯ ಮೇಲೆ ಅಲ್ಲ.

ಮನೆಯ ಒಡತಿ ಆಂಟಿಯ ಹತ್ತಿರ ಹೋಗಿ ಚಪ್ಪಲಿಯ ಕಥೆ ಹೇಳಿದೆ. ಬಹಳ ಹೊತ್ತು ಯೋಚಿಸಿ ನಾಲ್ಕು ತೂತಿಗೆ ಒಪ್ಪಿದರು. “ನಾಲುಗು ಅಂಟೇ ನಾಲುಗೇ” ಅಂತ ಬೆರಳು ಎತ್ತಿ ತೋರಿಸಿದರು. ನನ್ನ ಇಡೀ ಕಾರ್ಯಾಗಾರದ ನಕ್ಷೆ ಹುಟ್ಟಿದ್ದು ಆ ನಾಲ್ಕು ಬೆರಳಿನಿಂದ.

ಭಾರವೇ ಬೀಗ

ಹುಡುಕುತ್ತಾ ಹೋದಾಗ ಸಿಕ್ಕಿದ್ದು ಫ್ರೆಂಚ್ ಕ್ಲೀಟ್ ಎಂಬ ಹಳೆಯ ಉಪಾಯ. ಹೆಸರು ದೊಡ್ಡದು, ಕೆಲಸ ಸರಳ. ನಾಲ್ಕು ಇಂಚು ಅಗಲದ ಪ್ಲೈವುಡ್ ಪಟ್ಟಿಯನ್ನು ಉದ್ದಕ್ಕೆ, 45 ಡಿಗ್ರಿ ಓರೆಯಾಗಿ ಸೀಳಬೇಕು. ಒಂದು ಹೋಳು ಗೋಡೆಗೆ, ಓರೆ ಅಂಚು ಮೇಲೆ ಬರುವಂತೆ. ಓರೆ ಗೋಡೆಯ ಕಡೆಗೆ ಇಳಿದಿರಬೇಕು, ಆಗ ಪಟ್ಟಿಗೂ ಗೋಡೆಗೂ ನಡುವೆ ಒಂದು ಸಂದು ಉಳಿಯುತ್ತದೆ. ಇನ್ನೊಂದು ಹೋಳನ್ನು ತಲೆಕೆಳಗು ಮಾಡಿ ಉಪಕರಣದ ಹಿಡಿಕೆಯ ಬೆನ್ನಿಗೆ ಜೋಡಿಸಿ ಆ ಸಂದಿನೊಳಗೆ ಇಳಿಸಿದರೆ ಮುಗಿಯಿತು. ಭಾರ ಕೆಳಗೆ ಎಳೆದಷ್ಟೂ ಓರೆಯ ಮೇಲೆ ಜಾರಿ ಹಿಡಿಕೆ ಗೋಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತದೆ. ತೆಗೆಯಬೇಕೆಂದರೆ ಮೇಲಕ್ಕೆ ಎತ್ತಿದರಾಯಿತು. ಮೊಳೆ ಕೀಳದೆ ಜಾಗ ಬದಲಿಸಬಹುದು.

ಸಾಮಾನ್ಯವಾಗಿ ಪ್ರತಿ ಪಟ್ಟಿಯನ್ನೂ ಗೋಡೆಗೇ ಬಿಗಿಯುತ್ತಾರೆ. ಐದು ಪಟ್ಟಿಗೆ ಹದಿನೈದಾದರೂ ತೂತು ಬೇಕು. ನನಗಿದ್ದದ್ದು ನಾಲ್ಕು. ಆದ್ದರಿಂದ ನಾಲ್ಕು ಅಡಿಯ ಎರಡು ಕಂಬಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದೊಂದಕ್ಕೂ ಮೇಲೊಂದು, ಕೆಳಗೊಂದು ತೂತು. ಅಡ್ಡ ಪಟ್ಟಿಗಳೆಲ್ಲ ಕಂಬಗಳಿಗೆ ಬಿಗಿದವು, ಗೋಡೆಗಲ್ಲ.

ರಂಪ ಕೊಳ್ಳಲು ಹೋದದ್ದು

ಕೂಕಟ್‌ಪಲ್ಲಿಯಲ್ಲಿದ್ದು ಸಾಮಾನು ಸಿಗಲಿಲ್ಲ ಅನ್ನುವಂತಿಲ್ಲ. ಮೆಟ್ರೋದಲ್ಲಿ ಒಂದು ಸ್ಟೇಷನ್ ಆಚೆ ಬಾಲಾನಗರ. ಉಪಕರಣ ತಯಾರಿಯನ್ನೇ ಕಲಿಸುವ ಕೇಂದ್ರ ಸರ್ಕಾರದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ 1968ರಿಂದ ಅಲ್ಲಿದೆ. ಸಿಕಂದರಾಬಾದಿನ ರಾಣಿಗಂಜ್‌ಗೆ ಹೋದರೆ ಹಾರ್ಡ್‌ವೇರ್ ಅಂಗಡಿಗಳ ಸಾಲುಸಾಲು. ಭಾಷೆಯೂ ಅಷ್ಟೇನೂ ಕಾಡಲಿಲ್ಲ. ನಮ್ಮ ಉಳಿ ತೆಲುಗಿನಲ್ಲಿ ಉಲಿ, ಸುತ್ತಿಗೆ ಸುತ್ತಿ. ಗರಗಸದ ಹತ್ತಿರ ಮಾತ್ರ ಎಡವಿದೆ. ಅಂಗಡಿಯವರು “ರಂಪಂ ಕಾವಾಲಾ?” ಅಂದಾಗ, ನಾನೇನು ರಂಪ ಮಾಡಿದೆನಪ್ಪಾ ಅಂತ ಒಂದು ಕ್ಷಣ ಗಾಬರಿಯಾದೆ. ರಂಪಂ ಅಂದರೆ ಗರಗಸ.

ಪ್ಲೈವುಡ್ 18 ಮಿಲಿಮೀಟರ್ ದಪ್ಪದ್ದು ಕೊಂಡೆ. ಐಎಸ್ 303 ಮುದ್ರೆಯದು ಸಾಧಾರಣ ಬಳಕೆಗೆ, ಐಎಸ್ 710 ಮುದ್ರೆಯದು ನೀರು ತಾಗುವ ಕಡೆಗೆ. ಯುಟಿಲಿಟಿಯಲ್ಲಿ ಎರಚಲು ಹೊಡೆಯುವುದರಿಂದ ಎರಡನೆಯದನ್ನೇ ಆರಿಸಿದೆ. ನೇರ ಕೊಯ್ತವನ್ನು ಅಂಗಡಿಯಲ್ಲೇ ಮಾಡಿಕೊಟ್ಟರು. 45 ಡಿಗ್ರಿಯದನ್ನು ನಾನೇ ಸರ್ಕ್ಯುಲರ್ ಸಾ ಬುಡವನ್ನು ಓರೆ ಮಾಡಿ, ಪಕ್ಕಕ್ಕೆ ನೇರವಾದ ಪಟ್ಟಿ ಬಿಗಿದು ಕೊಯ್ದೆ. ಭಾನುವಾರ ಹನ್ನೊಂದರಿಂದ ಒಂದರವರೆಗೆ ಮಾತ್ರ, ಕೆಳಗಿನ ಮನೆಯವರ ಒಪ್ಪಿಗೆ ಕೇಳಿ.

ಗೋಡೆ ಯಾವುದು, ಮೊದಲು ತಿಳಿಯಿರಿ

ನೀವೂ ಮಾಡುವುದಾದರೆ ಇದನ್ನು ಮರೆಯಬೇಡಿ. ಮೊದಲ ತೂತು ಕೊರೆಯುವಾಗ ಉದುರುವ ಪುಡಿಯ ಬಣ್ಣ ನೋಡಿ. ಮೊದಲು ಗಾರೆಯ ಪುಡಿ ಬರುತ್ತದೆ. ಆಮೇಲೆ ಕೆಂಪು ಬಂದರೆ ಇಟ್ಟಿಗೆ. ಬೂದು ಬಂದು, ಡ್ರಿಲ್ ಮುಂದೆ ಹೋಗಲು ಹಟ ಹಿಡಿದರೆ ಕಾಂಕ್ರೀಟು. ಬಿಳಿಚಿಕೊಂಡ ಹಗುರ ಪುಡಿ ಸಲೀಸಾಗಿ ಬಂದರೆ ಎಎಸಿ ಬ್ಲಾಕು, ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಗೋಡೆ. ಈಚಿನ ಅಪಾರ್ಟ್‌ಮೆಂಟುಗಳಲ್ಲಿ ಇದೇ ಹೆಚ್ಚು. ಅದರಲ್ಲಿ ಮಾಮೂಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಅದಕ್ಕೆಂದೇ ಮಾಡಿದ ನೈಲಾನ್ ಪ್ಲಗ್ ಬೇಕು. ನಮ್ಮದು ಹಳೆಯ ಕಟ್ಟಡ, ಕೆಂಪು ಪುಡಿ ಬಂತು. 8 ಮಿಲಿಮೀಟರ್ ಪ್ಲಗ್, 75 ಮಿಲಿಮೀಟರ್ ಸ್ಕ್ರೂ. ಅದರಲ್ಲಿ 18 ಕಂಬಪಟ್ಟಿಗೆ, ಸುಮಾರು 15 ಗಾರೆಗೆ ಹೋದರೆ ಇಟ್ಟಿಗೆಯೊಳಗೆ 40ರಷ್ಟು ಉಳಿಯುತ್ತದೆ. ಹಿಡಿತ ಕೊಡುವುದು ಆ 40 ಮಾತ್ರ, ಗಾರೆಯನ್ನು ನಂಬಬೇಡಿ.

ಸ್ವಿಚ್‌ಬೋರ್ಡಿನ ನೇರಕ್ಕೆ ಮೇಲೆ, ಕೆಳಗೆ, ಪಕ್ಕದಲ್ಲಿ ಕೊರೆಯಬಾರದು, ಒಳಗೆ ವೈರು ಇರುತ್ತದೆ. ನಲ್ಲಿಯ ನೇರಕ್ಕೂ ಹಾಗೆಯೇ, ಪೈಪು ಇರುತ್ತದೆ.

ಇನ್ನೊಂದು ಮಾತು. ಹಿಡಿಕೆ ಗೋಡೆಯಿಂದ ಎಷ್ಟು ಮುಂದೆ ಚಾಚಿದರೆ ಮೇಲಿನ ಸ್ಕ್ರೂಗಳನ್ನು ಅಷ್ಟು ಕೀಳುತ್ತದೆ. ಹಾಗಾಗಿ ಯಾವುದೂ ಆರು ಇಂಚಿಗಿಂತ ಮುಂದೆ ಬರದಂತೆ ನೋಡಿಕೊಂಡೆ. ಭಾರದ ರಂದಾಗಳು ಕೆಳಗಿನ ಸಾಲಿಗೆ ಹೋದವು, ಅಂಚು ಕಟ್ಟಿದ ಓರೆ ಹಲಗೆಯ ಮೇಲೆ. ಗರಗಸಕ್ಕೆ ಅದರ ಹಿಡಿಯ ಒಳಗಿನ ಆಕಾರಕ್ಕೇ ಕೊಯ್ದ ಮರದ ತುಂಡು. ಪ್ರತಿ ಹಿಡಿಕೆಯ ಬೆನ್ನ ಕೆಳತುದಿಗೆ ಅಷ್ಟೇ ದಪ್ಪದ ಇನ್ನೊಂದು ಚೂರು ಹಚ್ಚಿದೆ. ಇಲ್ಲದಿದ್ದರೆ ಹಿಡಿಕೆಯ ಕೆಳತುದಿ ಗೋಡೆಯ ಕಡೆಗೆ ವಾಲುತ್ತದೆ.

ಉಳಿಗಳಿಗೆ ಎಲ್ಲಕ್ಕಿಂತ ಮೇಲಿನ ಸಾಲು, ಮಗಳ ಕೈಗೆ ಎಟುಕದ ಎತ್ತರ. ಅಲಗು ಹೊರಗೆ ಕಾಣದಂತೆ ಮುಂದೆ ಪಟ್ಟಿ, ಕೆಳಗೆ ತಳ. ಮೊದಲ ವಾರವೇ ಒಂದು ಕೊರತೆ ಗೊತ್ತಾಯಿತು. ಬಿಗಿಯಾಗಿ ಕೂತ ಉಳಿಯನ್ನು ಎಳೆದರೆ ಅದರ ಜೊತೆ ಹಿಡಿಕೆಯೂ ಎದ್ದು ಬರುತ್ತದೆ. ಎತ್ತಿದರೆ ಬರುವುದು ಈ ಉಪಾಯದ ಗುಣ, ಅದೇ ಅದರ ದೋಷ. ಉಳಿಯ ಹಿಡಿಕೆಯನ್ನು ಒಂದು ಸಣ್ಣ ಸ್ಕ್ರೂನಿಂದ ಪಟ್ಟಿಗೆ ಬಿಗಿದು, ಗೂಡುಗಳನ್ನು ಸ್ವಲ್ಪ ಸಡಿಲ ಮಾಡಿದೆ. ತುಕ್ಕನ್ನು ಉಜ್ಜಿ ತೆಗೆದು, ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಯಲ್ಲಿ ತೆಳ್ಳಗೆ ಸವರಿದೆ. ಮಳೆಗಾಲದಲ್ಲಿ ಈಗಲೂ ಹದಿನೈದು ದಿನಕ್ಕೊಮ್ಮೆ ಸವರುತ್ತೇನೆ. ಪ್ರತಿ ಉಪಕರಣದ ಜಾಗದಲ್ಲಿ ಪೆನ್ಸಿಲ್ಲಿನಿಂದ ಅದರ ಆಕಾರ ಬರೆದವಳು ಮಗಳು, ನಾನು ಎತ್ತಿ ಹಿಡಿದುಕೊಂಡಿದ್ದೆ. ಯಾವುದು ಗೋಡೆಯಲ್ಲಿಲ್ಲ ಅಂತ ದೂರದಿಂದಲೇ ಕಾಣುತ್ತದೆ.

ದೀಪಾವಳಿಗೆ ಅವ್ವ ಬಂದಳು. ಚೀಲ ಇಟ್ಟವಳೇ ಯುಟಿಲಿಟಿಗೆ ಹೋಗಿ ಗೋಡೆಯ ಮುಂದೆ ನಿಂತಳು. ಒಂದೊಂದನ್ನೂ ಮುಟ್ಟಲಿಲ್ಲ, ಎಣಿಸಿದಳು. ಎಣಿಸಿ, “ಐದ ಅದಾವು. ಅರ್ಧ ಇಂಚಿಂದು ಎಲ್ಲೈತಿ?” ಅಂದಳು. ನನ್ನ ಎದೆ ಧಸಕ್ ಅಂತು. ಆಮೇಲೆ ನೆನಪಾಯಿತು, ಹಿಂದಿನ ದಿನ ಮಗಳ ಪುಸ್ತಕದ ಕಪಾಟಿಗೆ ಗಾಡಿ ಹೊಡೆಯುತ್ತಿದ್ದೆ, ಉಳಿ ಅಲ್ಲೇ ಹಾಲಿನ ಮೂಲೆಯಲ್ಲಿ ಹಲಗೆಯ ಮೇಲಿತ್ತು. ತಂದು ತೋರಿಸಿದೆ. ಅಲಗಿಗೆ ಅಂಟಿದ್ದ ಮರದ ಹುಡಿಯನ್ನು ಅವ್ವ ಸೆರಗಿನಿಂದ ಒರೆಸಿ ನನ್ನ ಕೈಗೇ ವಾಪಸ್ ಕೊಟ್ಟಳು. “ಇರಲಿ ಬಿಡು, ಕೆಲಸದಾಗ ಐತಲ್ಲ” ಅಂದಳು.

ಬರುವ ಜೂನ್‌ಗೆ ಮನೆಯ ಕರಾರು ಮುಗಿಯುತ್ತದೆ. ನಾಲ್ಕು ಸ್ಕ್ರೂ ಬಿಚ್ಚಿ, ತೂತಿಗೆ ವಾಲ್ ಪುಟ್ಟಿ ತುಂಬಿ, ಮೇಲೆ ಬಣ್ಣ ಸವರಿದರೆ ಆಂಟಿಯ ಗೋಡೆ ಆಂಟಿಗೆ. ಕಂಬ, ಪಟ್ಟಿ, ಹಿಡಿಕೆಗಳೆಲ್ಲ ನಮ್ಮ ಜೊತೆ ಬರುತ್ತವೆ. ಹೊಸ ಮನೆ ನೋಡುವಾಗ ಈಗ ನಾನು ಕೇಳುವ ಮೊದಲ ಪ್ರಶ್ನೆ ಪಾರ್ಕಿಂಗ್ ಬಗ್ಗೆ ಅಲ್ಲ. ಗೋಡೆ ಯಾವುದರದು, ನಾಲ್ಕು ತೂತು ಹೊಡೆಯಬಹುದೇ?