ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ

ಆನಗೋಡಿನಲ್ಲಿರುವ ಅಕ್ಕನ ಮನೆಗೆ ಹೋದಾಗಲೆಲ್ಲ ನಾನು ಭಾವನವರ ಬಲಗಡೆಗೇ ಕೂರುತ್ತೇನೆ. ಅವರ ಎಡಗಿವಿ ಹೆಚ್ಚು ಮಂದ. ಮೂರು ದಶಕ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮಗ್ಗಗಳ ನಡುವೆ ದುಡಿದವರು ಅವರು. ಕಳೆದ ತಿಂಗಳು ಮನೆ ತುಂಬ ನೆಂಟರಿದ್ದಾಗ ಅಕ್ಕ ಏನನ್ನೋ ಕೇಳಿದಳು, ಭಾವ ಇನ್ನೇನನ್ನೋ ಹೇಳಿದರು, ಮಕ್ಕಳು ನಕ್ಕರು. ಅವರು ಅರ್ಧ ಊಟಕ್ಕೇ ಎದ್ದು ಜಗಲಿಗೆ ಹೋಗಿ ಕುಳಿತರು. "ದನಿ ಕೇಳ್ತತಿ ತಮ್ಮಾ, ಮಾತು ತಿಳಿಯಂಗಿಲ್ಲ" ಎಂದರು.

ಇದು ಗಿರಣಿಯ ಸದ್ದಿನ ಫಲವೆಂಬುದು ಮನೆಯವರೆಲ್ಲರ ತೀರ್ಮಾನ. ಆದರೆ ಕಡತಗಳ ನಡುವೆಯೇ ಸೇವೆ ಮುಗಿಸಿದ ನನಗೂ ಇತ್ತೀಚೆಗೆ ಮೊಮ್ಮಗಳ ಮಾತು ಅರ್ಧವಷ್ಟೇ ತಿಳಿಯುತ್ತದೆ. ಸದ್ದು, ವಯಸ್ಸು, ಮಧುಮೇಹ, ಔಷಧಿ, ಇವುಗಳಲ್ಲಿ ಯಾವುದರ ಪಾಲೆಷ್ಟು? 'ಇತರ ಅಂಶಗಳು ಸ್ಥಿರವಾಗಿದ್ದರೆ' ಎಂಬ ಮಾತನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ನಿಜಜೀವನದಲ್ಲಿ ಅವು ಎಂದೂ ಸ್ಥಿರವಾಗಿರಲಿಲ್ಲ. ಪ್ರಯೋಗಾಲಯದ ಇಲಿಯ ಗೂಡಿನಲ್ಲಿ ಮಾತ್ರ ಅದು ಬಹುಮಟ್ಟಿಗೆ ಸಾಧ್ಯ. ಎರಡು ವರ್ಷಕ್ಕೇ ಮುಪ್ಪಾಗುವ ಪ್ರಾಣಿ ಅದು. ಒಂದೇ ತಳಿ, ಒಂದೇ ಆಹಾರ, ಅಬ್ಬರವಿಲ್ಲದ ವಾಸ. ಆದರೂ ಮುಪ್ಪಿನಲ್ಲಿ ಅದರ ಕಿವಿ ಮಂದವಾಗುತ್ತದೆ. ಒಳಗಿವಿಯ ರೋಮಕೋಶಗಳು ನಶಿಸುತ್ತವೆ. ಹಕ್ಕಿಗಳಲ್ಲಿ ಮರುಹುಟ್ಟು ಪಡೆಯುವ ಈ ಕೋಶಗಳು ಇಲಿಯಲ್ಲಾಗಲಿ ನಮ್ಮಲ್ಲಾಗಲಿ ಹಾಗೆ ಮರಳುವುದಿಲ್ಲ.

ನನಗೆ ಹೆಚ್ಚು ಕುತೂಹಲ ಮೂಡಿಸಿದ್ದು ಬೇರೊಂದು ಸಂಗತಿ. ಮುದಿ ಇಲಿಗಳ ನಡುಮಿದುಳಿನಲ್ಲಿ, ಶಬ್ದಸಂಕೇತಗಳು ಹಾದುಹೋಗುವ ಕೇಂದ್ರವೊಂದರಲ್ಲಿ, ಗಾಬಾ ಎಂಬ ರಾಸಾಯನಿಕ ಕಡಿಮೆಯಾಗಿರುವುದನ್ನು ಅಮೆರಿಕದ ಡೊನಾಲ್ಡ್ ಕ್ಯಾಸ್ಪರಿ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ನರಕೋಶಗಳ ಆವೇಗಕ್ಕೆ ಕಡಿವಾಣ ಹಾಕುವುದು ಗಾಬಾದ ಕೆಲಸ. ಕಡಿವಾಣ ಸಡಿಲವಾದರೆ ಬೇಕಾದ ಸದ್ದನ್ನು ಬೇಡದ ಸದ್ದಿನಿಂದ ಬೇರ್ಪಡಿಸುವುದು ಕಷ್ಟ. ಇಲಿಯಿಂದ ಮನುಷ್ಯನಿಗೆ ನೇರವಾಗಿ ಜಿಗಿಯುವುದು ತಪ್ಪು ನಿಜ. ನೆಂಟರ ಮಾತಿಗೆ ಉತ್ತರ ಕೊಡಬೇಕಾದ ಹೊಣೆ ಇಲಿಗಿಲ್ಲ. ಆದರೂ ಜಗಲಿಯಲ್ಲಿ ಭಾವ ಆಡಿದ ಮಾತಿಗೆ ಇದಕ್ಕಿಂತ ಹತ್ತಿರದ ವಿವರಣೆ ನನಗೆ ಸಿಕ್ಕಿಲ್ಲ.

ಹಾಗಿದ್ದಲ್ಲಿ ಸದ್ದನ್ನು ಹಿಗ್ಗಿಸಿದರಷ್ಟೇ ಸಾಲದು. 2017ರ ರಾಷ್ಟ್ರೀಯ ವಯೋಶ್ರೀ ಯೋಜನೆ ಬಡ ವೃದ್ಧರಿಗೆ ಶ್ರವಣಸಾಧನವನ್ನು ಉಚಿತವಾಗಿ ಕೊಡುತ್ತದೆ, ಒಳ್ಳೆಯದೇ. ಆದರೆ ಸಾಧನವನ್ನು ಆಯಾ ಕಿವಿಗೆ ಹೊಂದಿಸಿ, ವಾರಗಟ್ಟಲೆ ಅಭ್ಯಾಸ ಮಾಡಿಸಬೇಕು. ಭಾವನವರಿಗೆ ಯಾವುದೋ ಶಿಬಿರದಲ್ಲಿ ದೊರೆತ ಸಾಧನ ಪಾತ್ರೆಯ ಸದ್ದನ್ನೂ ಮಾತನ್ನೂ ಒಂದೇ ಸಮ ಏರಿಸಿತು. ಈಗ ಅದು ಅಲಮಾರಿನಲ್ಲಿದೆ. ಸೇವೆಯಲ್ಲಿದ್ದಾಗ ಇಂಥ ವಿತರಣೆಯ ಅಂಕಿಗಳಿಗೆ ನಾನೂ ಸಹಿ ಹಾಕಿದವನು. ಕೊಟ್ಟದ್ದು ಬಳಕೆಯಾಗುತ್ತಿದೆಯೇ ಎಂದು ಕೇಳುವ ಕಾಲಂ ಆ ನಮೂನೆಯಲ್ಲಿರಲಿಲ್ಲ. ಇರಬೇಕೆಂದು ನಾನೂ ಬರೆಯಲಿಲ್ಲ. ಕಿವಿ ಮಂದವಾಗುವುದು ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ ಅಂಶಗಳಲ್ಲೊಂದೆಂದು ಲ್ಯಾನ್ಸೆಟ್ ಆಯೋಗ 2017ರಿಂದ ಹೇಳುತ್ತಿದೆ. ಅಲಮಾರು ಸೇರಿದ ಸಾಧನದ ಬೆಲೆಯನ್ನು ಹಾಗೆ ನೋಡಿದರೆ ಲೆಕ್ಕವೇ ಬೇರೆಯಾಗುತ್ತದೆ.

ಮೈಸೂರಿನಲ್ಲಿ 1965ರಲ್ಲೇ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಅಲ್ಲಿಗೆ ಬರಲು ಭಾವನವರನ್ನು ಬಹಳ ಹೇಳಿ ಒಪ್ಪಿಸಿದ್ದೇನೆ. ನನ್ನ ಕಿವಿಯನ್ನೂ ತೋರಿಸಿಕೊಳ್ಳಲಿದ್ದೇನೆಂಬುದನ್ನು ಅವರಿಗಿನ್ನೂ ಹೇಳಿಲ್ಲ.